ಹೋರಿಯ ಓಟಕ್ಕೆ ಎಷ್ಟಗಲದ ಸಿಲಿಕಾನ್ ಬೇಕು?

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲು, ಶಿಕಾರಿಪುರದ ಕಡೆಯ ಊರುಗಳಲ್ಲಿ ಹೋರಿ ಹಬ್ಬದ ಸರದಿ ಶುರು. ಇವತ್ತು ಈ ಊರು, ನಾಳೆ ಪಕ್ಕದ ಊರು ಎಂದು ವಾರಗಟ್ಟಲೆ ನಡೆಯುತ್ತದೆ. ಕೊರಳಿಗೆ ಒಣ ಕೊಬ್ಬರಿಯ ಸರ, ಕೋಡಿಗೆ ಬಲೂನು, ಬಣ್ಣದ ರಿಬ್ಬನ್ನು, ಮೈಮೇಲೆ ಜೂಲ. ಇಷ್ಟೆಲ್ಲ ಹೊತ್ತ ಹೋರಿಯನ್ನು ಅಖಾಡಕ್ಕೆ ಬಿಟ್ಟ ಕೂಡಲೇ ಎರಡೂ ಬದಿಯಿಂದ ಹುಡುಗರು ಕೊಬ್ಬರಿ ಹರಿಯಲು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದೆ ಓಡಿದ ಹೋರಿಗೆ ಬಹುಮಾನ, ಹೆಸರು, ಅಭಿಮಾನಿ ಬಳಗ. ಬಳಗವಿದ್ದ ಮೇಲೆ ಬ್ಯಾನರು, ಬ್ಯಾನರಿದ್ದ ಮೇಲೆ ಫೋಟೋ. ಹಾಗಾಗಿ ಅಖಾಡದ ಬೇಲಿಯಾಚೆ ಇನ್ನೊಂದು ಪೈಪೋಟಿ ನಡೆದಿರುತ್ತದೆ. ಮನೆಯ ಮಾಳಿಗೆ, ಟ್ರ್ಯಾಕ್ಟರಿನ ಟ್ರೇಲರ್, ಬೇವಿನ ಮರದ ಕೊಂಬೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಫೋನು, ಕ್ಯಾಮೆರಾ ಹಿಡಿದವರು.

ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸಿಲಿಕಾನ್ ಚಿಪ್ಪು, ಅಂದರೆ ಸೆನ್ಸರ್, ಯಾವ ಅಳತೆಯದ್ದಿರಬೇಕು, ಮುಂದೆ ಯಾವ ಅಳತೆ ಉಳಿಯುತ್ತದೆ, ಯಾವುದು ಮೂಲೆ ಸೇರುತ್ತದೆ ಎಂಬ ಚರ್ಚೆ ಜಗತ್ತಿನಾದ್ಯಂತ ಇದೆ. ಆ ಚರ್ಚೆಯನ್ನು ತೂಗಿ ನೋಡಲು ಈ ಅಖಾಡಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಕಂಪನಿಗಳ ಮಾದರಿ ಚಿತ್ರಗಳಲ್ಲಿ ಬೆಟ್ಟ, ಕೆರೆ, ನಗುವ ಮುಖ ಇರುತ್ತವೆ. ಅವೆಲ್ಲ ನಿಂತಲ್ಲಿ ನಿಲ್ಲುವಂಥವು. ಹೋರಿಗೆ ನಿಲ್ಲು ಎನ್ನುವವರು ಯಾರು?

ಹೋರಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಿತೆಂದುಕೊಳ್ಳಿ. ಅಂದರೆ ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು. ಕ್ಯಾಮೆರಾದ ಶಟರ್ ಸೆಕೆಂಡಿನ 60ರಲ್ಲಿ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಹೋರಿ 14 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಫೋಟೋದಲ್ಲಿ ಮುಖ ಎಲ್ಲಿ, ಕೊಬ್ಬರಿ ಎಲ್ಲಿ ಎಂದು ಹುಡುಕಬೇಕು. ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಸರಿದದ್ದು 8 ಮಿಲಿಮೀಟರ್ ಮಾತ್ರ. ಕಣ್ಣು, ಮೂಗುದಾರ, ಹಾರಿದ ಮಣ್ಣಿನ ಹೆಂಟೆ ಎಲ್ಲವೂ ನಿಚ್ಚಳ. ಹಾಗಾದರೆ ಯಾವಾಗಲೂ ಸಾವಿರದಲ್ಲೇ ಇಡಬಹುದಲ್ಲ? ನಡುಮಧ್ಯಾಹ್ನವಾದರೆ ಇಡಬಹುದು. ಆದರೆ ಹೆಸರುವಾಸಿ ಹೋರಿಗಳು ಬರುವ ಹೊತ್ತಿಗೆ ಹೊತ್ತು ಇಳಿದಿರುತ್ತದೆ, ಮೇಲೆ ಧೂಳಿನ ಮುಸುಕು. ಅಂಥ ಬೆಳಕಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಸೆನ್ಸರಿಗೆ ಬೀಳುವ ಬೆಳಕು ಎಷ್ಟು?

ಇದನ್ನು ಎಣಿಸಿಯೇ ಹೇಳಬಹುದು. ಬೆಳಕು ಫೋಟಾನುಗಳೆಂಬ ಬಿಡಿ ಕಣಗಳಾಗಿ ಬರುತ್ತದೆ. ಮುಸ್ಸಂಜೆಯಲ್ಲಿ ಬೆಳಕಿನ ಸಂವೇದನೆಯ ಅಂಕಿ ಐಎಸ್ಒವನ್ನು 3200ಕ್ಕೆ ಇಟ್ಟು ತೆಗೆದ ಫೋಟೋದಲ್ಲಿ, ತೀರ ಬೆಳ್ಳಗೂ ಅಲ್ಲದ ತೀರ ಕಪ್ಪೂ ಅಲ್ಲದ ಒಂದು ಜಾಗಕ್ಕೆ, ಸೆನ್ಸರಿನ ಒಂದು ಚದರ ಮೈಕ್ರೋಮೀಟರಿಗೆ ಬೀಳುವ ಫೋಟಾನುಗಳು ಸುಮಾರು 13. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 200 ಮೆಗಾಪಿಕ್ಸೆಲ್ ಎಂದು ಜಾಹೀರಾತು ಮಾಡುವ ಫೋನುಗಳಲ್ಲಿ ಒಂದು ಪಿಕ್ಸೆಲಿನ ಅಗಲ 0.6 ಮೈಕ್ರೋಮೀಟರಿನ ಆಸುಪಾಸು. ಅದರ ಪಾಲಿಗೆ ಬರುವುದು 5 ಫೋಟಾನು! 24 ಮೆಗಾಪಿಕ್ಸೆಲಿನ ಫುಲ್ ಫ್ರೇಮ್ ಕ್ಯಾಮೆರಾದ ಪಿಕ್ಸೆಲಿನ ಅಗಲ 6 ಮೈಕ್ರೋಮೀಟರ್. ಅದಕ್ಕೆ ಸುಮಾರು 460.

ಫೋಟಾನುಗಳು ಸಾಲಾಗಿ, ಸಮನಾಗಿ ಬಂದು ಬೀಳುವುದಿಲ್ಲ. ಅವುಗಳ ಬರವಿನಲ್ಲೇ ಏರುಪೇರಿದೆ. ಸರಾಸರಿ ಎಷ್ಟು ಬರುತ್ತವೋ ಅದರ ವರ್ಗಮೂಲದಷ್ಟು ಹೆಚ್ಚುಕಡಿಮೆ ಆಗುವುದು ನಿಸರ್ಗದ ನಿಯಮ. 460ರ ವರ್ಗಮೂಲ 21, ಅಂದರೆ ಶೇಕಡಾ 5ರಷ್ಟು ಏರಿಳಿತ. ಕಣ್ಣಿಗೆ ಗೊತ್ತಾಗುವುದಿಲ್ಲ. 5ರ ವರ್ಗಮೂಲ 2.2, ಅಂದರೆ ಶೇಕಡಾ 45. ಒಂದೇ ಬಣ್ಣದ ಹೋರಿಯ ಬೆನ್ನು ಒಂದು ಪಿಕ್ಸೆಲಿನಲ್ಲಿ ಬೆಳ್ಳಗೆ, ಪಕ್ಕದ್ದರಲ್ಲಿ ಕಪ್ಪಗೆ. ಸ್ಟುಡಿಯೋದವರು ‘ಗ್ರೇನ್ಸ್ ಬಂದಾವ್ರೀ’ ಎನ್ನುವುದು ಇದನ್ನೇ. ಸೆನ್ಸರ್ ಕಳಪೆಯಾದ್ದರಿಂದ ಬಂದ ದೋಷ ಇದಲ್ಲ. ಬೆಳಕೇ ಹಾಗೆ ಬಂದಿದೆ. ಜಗತ್ತಿನ ಅತಿ ಶ್ರೇಷ್ಠ ಸೆನ್ಸರ್ ಇಟ್ಟರೂ ಐದು ಫೋಟಾನಿನ ಜಾಗದಲ್ಲಿ ಐದೇ ಇರುತ್ತವೆ.

ಫೋನಿನವರು ದಡ್ಡರಲ್ಲ. ಹದಿನಾರು ಪಿಕ್ಸೆಲುಗಳನ್ನು ಕೂಡಿಸಿ ಒಂದು ಮಾಡುತ್ತಾರೆ, 200 ಮೆಗಾಪಿಕ್ಸೆಲ್ ಹೋಗಿ 12 ಉಳಿಯುತ್ತದೆ. ಅದೇ ಒಳ್ಳೆಯದು ಕೂಡ. ಎಫ್ 1.7ರ ಲೆನ್ಸು ಎಷ್ಟೇ ಚೆನ್ನಾಗಿದ್ದರೂ ಬೆಳಕಿನ ಅಲೆಗುಣದಿಂದಾಗಿ ಒಂದು ಬಿಂದುವನ್ನು ಎರಡು ಮೈಕ್ರೋಮೀಟರಿಗೂ ಅಗಲದ ಚುಕ್ಕೆಯಾಗಿ ಹರಡಿಯೇ ಹರಡುತ್ತದೆ. ಅಂಥ ಒಂದು ಚುಕ್ಕೆಯೊಳಗೆ ಹತ್ತಾರು ಪಿಕ್ಸೆಲುಗಳನ್ನು ತುರುಕಿ ಮೆಗಾಪಿಕ್ಸೆಲ್ ಲೆಕ್ಕ ಹೇಳುವುದು ವ್ಯಾಪಾರದ ಮಾತು.

ಈಗ ಅಳತೆಗಳ ವಿಷಯಕ್ಕೆ ಬರೋಣ. ಫುಲ್ ಫ್ರೇಮ್ ಎಂದರೆ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ನಮ್ಮ ಕಡೆ ‘ಕ್ರಾಪ್ ಸೆನ್ಸರ್’ ಎಂದು ಕರೆಯುವ ಎಪಿಎಸ್-ಸಿ ಸುಮಾರು 23.5ಕ್ಕೆ 15.6. ಮೈಕ್ರೋ ಫೋರ್ ಥರ್ಡ್ಸ್ 17.3ಕ್ಕೆ 13. ‘ಒಂದು ಇಂಚು’ ಎಂಬುದು 13.2ಕ್ಕೆ 8.8, ಅದರ ಮೂಲೆಯಿಂದ ಮೂಲೆಗೆ ಅಳೆದರೂ 16 ಮಿಲಿಮೀಟರ್ ದಾಟುವುದಿಲ್ಲ, ಇಂಚಿನ ಮಾತು ಹಳೆಯ ಟಿವಿ ಕ್ಯಾಮೆರಾ ಕೊಳವೆಯ ಹೊರವ್ಯಾಸದಿಂದ ಬಂದದ್ದು. ಒಳ್ಳೆಯ ಫೋನಿನ ಮುಖ್ಯ ಕ್ಯಾಮೆರಾ 10ಕ್ಕೆ 7ರ ಆಸುಪಾಸು. ಮೇಲ್ತುದಿಯಲ್ಲಿ ಫ್ಯೂಜಿಫಿಲ್ಮ್, ಹ್ಯಾಸೆಲ್‌ಬ್ಲಾಡ್ ಕಂಪನಿಗಳ ಮೀಡಿಯಂ ಫಾರ್ಮ್ಯಾಟ್, 44ಕ್ಕೆ 33. ಫುಲ್ ಫ್ರೇಮಿನ ವಿಸ್ತೀರ್ಣ ಎಪಿಎಸ್-ಸಿಯ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು, ಮೈಕ್ರೋ ಫೋರ್ ಥರ್ಡ್ಸ್‌ನ ಸುಮಾರು ನಾಲ್ಕು ಪಟ್ಟು, ಫೋನಿನ ಹನ್ನೆರಡು ಪಟ್ಟು.

36ಕ್ಕೆ 24 ಎಂಬ ಅಳತೆ ದೇವರು ಬರೆದದ್ದೇನೂ ಅಲ್ಲ. ಜರ್ಮನಿಯ ಲೈಟ್ಸ್ ಕಂಪನಿಯ ಓಸ್ಕರ್ ಬಾರ್ನಾಕ್ ಸಿನಿಮಾ ಫಿಲಂ ಬಳಸುವ ಸಣ್ಣ ಕ್ಯಾಮೆರಾ ಕಟ್ಟುವಾಗ, 18ಕ್ಕೆ 24ರ ಸಿನಿಮಾ ಚೌಕಟ್ಟುಗಳೆರಡನ್ನು ಜೋಡಿಸಿ ಒಂದು ಮಾಡಿದ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು. ಮದುವೆ ಮನೆಯಲ್ಲಿ ‘36 ಫೋಟೋದ ರೀಲು’ ಎಂದು ಎಣಿಸಿ ಎಣಿಸಿ ಕ್ಲಿಕ್ಕಿಸುತ್ತಿದ್ದ ಕಾಲದ ರೀಲಿನ ಚೌಕಟ್ಟು ಅದೇ. ಫಿಲಂ ಕಾಲದಲ್ಲಿ ಈ ಅಳತೆಗೆ ವಿಶೇಷ ಬೆಲೆಯೇನೂ ಇರಲಿಲ್ಲ. ಅಗ್ಗದ ಕ್ಯಾಮೆರಾಕ್ಕೂ ದುಬಾರಿ ಕ್ಯಾಮೆರಾಕ್ಕೂ ಅದೇ ರೀಲು. ಡಿಜಿಟಲ್ ಬಂದ ಮೇಲೆ ಅದಕ್ಕೆ ಜಾತಿ ಬಂತು. 1999ರ ನಿಕಾನ್ ಡಿ1 ಕ್ಯಾಮೆರಾದಲ್ಲಿ ಇದ್ದದ್ದು ಎಪಿಎಸ್-ಸಿ ಅಳತೆಯ, ಮೂರು ಮೆಗಾಪಿಕ್ಸೆಲಿಗೂ ಕಡಿಮೆಯ ಸೆನ್ಸರ್. 36ಕ್ಕೆ 24ರಷ್ಟು ಸಿಲಿಕಾನ್ ಕೊಡುವುದು ಆಗ ಕೈಗೆಟುಕುವ ಮಾತಾಗಿರಲಿಲ್ಲ. 2002ರಲ್ಲಿ ಕಾಂಟ್ಯಾಕ್ಸ್, ಕ್ಯಾನನ್ ಬ್ರ್ಯಾಂಡುಗಳು ಫುಲ್ ಫ್ರೇಮ್ ತಂದವು, 2005ರ ಕ್ಯಾನನ್ 5ಡಿ ಅದನ್ನು ದುಡಿಯುವ ಫೋಟೋಗ್ರಾಫರನ ಅಳವಿಗೆ ತಂದಿತು. ಅಷ್ಟರಲ್ಲಿ ಊರೂರಿನ ಸ್ಟುಡಿಯೋಗಳು ಕ್ರಾಪ್ ಸೆನ್ಸರಿಗೆ ಒಗ್ಗಿಹೋಗಿದ್ದವು.

ದೊಡ್ಡ ಸೆನ್ಸರಿಗೆ ಇಷ್ಟು ದುಡ್ಡೇಕೆ? ಸೆನ್ಸರನ್ನು ಕೊರೆಯುವುದು 30 ಸೆಂಟಿಮೀಟರ್ ವ್ಯಾಸದ ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ. ಎಷ್ಟೇ ಎಚ್ಚರ ವಹಿಸಿದರೂ ಅಲ್ಲೊಂದು ಇಲ್ಲೊಂದು ದೋಷ ಉಳಿದೇ ಉಳಿಯುತ್ತದೆ. ಹಂಚಿನ ಮೇಲೆ ಬೇಯಿಸಿದ ಜೋಳದ ರೊಟ್ಟಿಯಲ್ಲಿ ಮೂರು ಕಡೆ ಸೀದಿದೆ ಅಂದುಕೊಳ್ಳಿ. ರೊಟ್ಟಿಯನ್ನು ಆರು ತುಂಡು ಮಾಡಿದರೆ ಮೂರು ತುಂಡು ಹೋಯಿತು. ಅರವತ್ತು ಚೂರು ಮಾಡಿದರೂ ಹೋಗುವುದು ಮೂರೇ ಚೂರು, ಐವತ್ತೇಳು ಗಟ್ಟಿ. ಅಂಥ ಒಂದು ಬಿಲ್ಲೆಯಲ್ಲಿ ಬರೀ ವಿಸ್ತೀರ್ಣದ ಲೆಕ್ಕಕ್ಕೆ ಫೋನಿನ ಸೆನ್ಸರುಗಳಾದರೆ ಸಾವಿರದ ಹತ್ತಿರ ಹಿಡಿಸುತ್ತವೆ, ಫುಲ್ ಫ್ರೇಮ್ ಆದರೆ ಎಂಬತ್ತರ ಆಸುಪಾಸು. ದುಂಡು ಬಿಲ್ಲೆಯ ಅಂಚಿನಲ್ಲಿ ಚೌಕದ ತುಂಡು ಕೂರದೆ ವ್ಯರ್ಥವಾಗುವುದೂ ದೊಡ್ಡದಕ್ಕೇ ಹೆಚ್ಚು.

ಇನ್ನೊಂದು ತೊಡಕಿದೆ. ಚಿಪ್ಪಿನ ನಕ್ಷೆಯನ್ನು ಬೆಳಕಿನಿಂದ ಬಿಲ್ಲೆಯ ಮೇಲೆ ಮೂಡಿಸುವ ಸಾಮಾನ್ಯ ಯಂತ್ರ ಒಂದು ಸಲಕ್ಕೆ ಮೂಡಿಸಬಲ್ಲದ್ದು ಹೆಚ್ಚೆಂದರೆ 26ಕ್ಕೆ 33 ಮಿಲಿಮೀಟರಿನ ಚೌಕಟ್ಟು. ಎಪಿಎಸ್-ಸಿ ಇದರೊಳಗೆ ಆರಾಮಾಗಿ ಕೂರುತ್ತದೆ. 36 ಮಿಲಿಮೀಟರ್ ಉದ್ದದ ಫುಲ್ ಫ್ರೇಮ್ ಕೂರುವುದಿಲ್ಲ. ಅದನ್ನು ಎರಡು ಮೂರು ಸಲ ಮೂಡಿಸಿ, ಹೊಲಿಗೆ ಕಾಣದಂತೆ ಜೋಡಿಸಬೇಕು. ಹೀಗಾಗಿ ಎಪಿಎಸ್-ಸಿಯಿಂದ ಫುಲ್ ಫ್ರೇಮಿಗೆ ಹೋಗುವಾಗ ಬೆಲೆ ಮೆಟ್ಟಿಲು ಹತ್ತುವುದಿಲ್ಲ, ಗೋಡೆ ಹತ್ತುತ್ತದೆ. ಕ್ರಾಪ್ ಸೆನ್ಸರ್ ಇವತ್ತಲ್ಲ ನಾಳೆ ಸಾಯುತ್ತದೆ ಎಂದು ಭವಿಷ್ಯ ನುಡಿಯುವವರು ಈ 33 ಮಿಲಿಮೀಟರನ್ನು ಮರೆತಿರುತ್ತಾರೆ.

ಸೆನ್ಸರ್ ಎಷ್ಟು ದೊಡ್ಡದು ಎಂಬುದೊಂದೇ ಮುಖ್ಯವಲ್ಲ. ಬೆಳಕನ್ನು ಒಳಗೆ ಬಿಡುವ ಬಾಗಿಲು ಲೆನ್ಸಿನದು, ಸೆನ್ಸರ್ ದೊಡ್ಡದಾದಷ್ಟೂ ಅಗಲವಾದ ಬಾಗಿಲು ಇಡಲು ಆಸ್ಪದ. ಫೋನಿನ ಮುಖ್ಯ ಲೆನ್ಸಿನ ಬಾಗಿಲು 4 ಮಿಲಿಮೀಟರ್. ಅದೇ ನೋಟವನ್ನು 24 ಮಿಲಿಮೀಟರ್, ಎಫ್ 2.8ರ ಫುಲ್ ಫ್ರೇಮ್ ಲೆನ್ಸಿನಲ್ಲಿ ನೋಡಿದರೆ, 24ನ್ನು 2.8ರಿಂದ ಭಾಗಿಸಿ, ಎಂಟೂವರೆ ಮಿಲಿಮೀಟರ್. ವಿಸ್ತೀರ್ಣದಲ್ಲಿ ನಾಲ್ಕೂವರೆ ಪಟ್ಟು. ವ್ಯತ್ಯಾಸ ಇದೆ, ಆದರೆ ತಲೆ ಮೇಲೆ ಕೈಹೊತ್ತು ಕೂರುವಷ್ಟಿಲ್ಲ.

ಆದರೆ ಓಡಿ ಬರುವ ಹೋರಿಯ ಮುಂದೆ ವೈಡ್ ಲೆನ್ಸು ಹಿಡಿದು ನಿಲ್ಲುವವನಿಗೆ ಫೋಟೋಕ್ಕಿಂತ ಮೊದಲು ಆಸ್ಪತ್ರೆಯ ಚಿಂತೆ. ದೂರ ನಿಂತು ಹತ್ತಿರಕ್ಕೆ ಎಳೆಯಬೇಕು, ಟೆಲಿ ಬೇಕು. ಅಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಐದು ಪಟ್ಟು ಝೂಮಿನ ಫೋನಿನ ಟೆಲಿ ಲೆನ್ಸಿನ ಬಾಗಿಲು ಐದೂವರೆ ಮಿಲಿಮೀಟರ್, ಹಿಂದಿರುವ ಸೆನ್ಸರೂ ಮುಖ್ಯ ಕ್ಯಾಮೆರಾದ್ದಕ್ಕಿಂತ ಬಲು ಚಿಕ್ಕದು. ಮದುವೆ ಫೋಟೋಗ್ರಾಫರರ ಕೈಯಲ್ಲಿ ಸಾಮಾನ್ಯವಾಗಿ ಕಾಣುವ 70-200, ಎಫ್ 2.8 ಲೆನ್ಸನ್ನು ಅದೇ ನೋಟಕ್ಕೆ, ಅಂದರೆ 120ಕ್ಕೆ ತಿರುಗಿಸಿದರೆ ಬಾಗಿಲು 43 ಮಿಲಿಮೀಟರ್. ವಿಸ್ತೀರ್ಣದಲ್ಲಿ 60 ಪಟ್ಟು! ಇದೇ ಲೆನ್ಸನ್ನು ಕ್ರಾಪ್ ಬಾಡಿಗೆ ಹಾಕಿ 80ಕ್ಕೆ ತಿರುಗಿಸಿದರೆ ನೋಟ ಅಷ್ಟೇ, ಬಾಗಿಲು ಇಪ್ಪತ್ತೆಂಟೂವರೆ ಮಿಲಿಮೀಟರ್, ಫೋನಿನ 27 ಪಟ್ಟು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಫೋನು ಮತ್ತು ಕ್ರಾಪ್ ಕ್ಯಾಮೆರಾದ ನಡುವಿನ ಅಂತರ ಇಪ್ಪತ್ತೇಳು ಪಟ್ಟು; ಕ್ರಾಪ್ ಮತ್ತು ಫುಲ್ ಫ್ರೇಮ್ ನಡುವಿನದು ಎರಡೂಕಾಲು ಪಟ್ಟು, ಅಂದರೆ ಬೆಳಕು ದುಪ್ಪಟ್ಟಾಗುವ ಒಂದು ಸ್ಟಾಪಿಗಿಂತ ತುಸು ಹೆಚ್ಚು. ಐಎಸ್ಒ 3200ಕ್ಕೆ ಬದಲು 1600ರಲ್ಲಿ ತೆಗೆದಷ್ಟು ಲಾಭ. ‘ಫುಲ್ ಫ್ರೇಮ್ ಐತೇನ್ರೀ?’ ಎಂದು ಕೇಳಿ ಮದುವೆ ಆರ್ಡರು ಕೊಡುವ ಬೀಗರು ವಾದ ಮಾಡುತ್ತಿರುವುದು ಈ ಒಂದು ಸ್ಟಾಪಿನ ಬಗ್ಗೆ. ಗ್ರೇನ್ಸ್ ತೆಗೆಯುವ ಈಗಿನ ಸಾಫ್ಟ್‌ವೇರುಗಳು ಅಷ್ಟನ್ನು ಮನೆಯಲ್ಲಿ ಕುಳಿತೇ ತುಂಬಿಕೊಡುತ್ತವೆ.

ಹಾಗೆಂದು ಫೋನನ್ನು ಹಗುರವಾಗಿ ಕಾಣುವುದು ಬೇಡ. ಚಿಕ್ಕೇರೂರಿನಿಂದ ಹಾನಗಲ್ಲಿಗೆ ಹೋದರೆ ತಾರಕೇಶ್ವರ ದೇವಸ್ಥಾನವಿದೆ, ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಮಂಟಪದ ಕಮಲದ ಚಾವಣಿಯನ್ನು ಕತ್ತೆತ್ತಿ ನೋಡಿದವರು ಮರೆಯುವುದಿಲ್ಲ: ಎಂಟು ಮೂಲೆಯ ಅಂಕಣದ ಮೇಲೆ ಸುತ್ತು ಸುತ್ತಾಗಿ ಮೇಲೇರಿ, ನಡುವಿನಿಂದ ಕೆಳಗಿಳಿಬಿದ್ದ ಕಲ್ಲಿನ ಹೂ. ಒಳಗೆ ಮಬ್ಬುಗತ್ತಲು. ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಟ್ರೈಪಾಡ್ ಹೂಡಲು ಅನುಮತಿ ಬೇಕು. ಇಂಥಲ್ಲಿ ಫೋನನ್ನು ನೈಟ್ ಮೋಡಿಗೆ ಹಾಕಿ, ಕಂಬಕ್ಕೆ ಬೆನ್ನು ಕೊಟ್ಟು, ಮೂರು ಸೆಕೆಂಡು ಉಸಿರು ಬಿಗಿಹಿಡಿದು ನಿಂತರೆ ಬರುವ ಫೋಟೋ ಅಚ್ಚರಿ ಹುಟ್ಟಿಸುತ್ತದೆ. ಅಷ್ಟರಲ್ಲಿ ಫೋನು ಹತ್ತಾರು ಫೋಟೋ ತೆಗೆದಿರುತ್ತದೆ; ಕೈನಡುಕದಿಂದ ಆಚೀಚೆ ಸರಿದದ್ದನ್ನು ಹೊಂದಿಸಿ, ಒಂದರ ಮೇಲೊಂದು ಕೂಡಿಸಿ, ಸರಾಸರಿ ತೆಗೆಯುತ್ತದೆ. ಹದಿನಾರು ಫೋಟೋ ಕೂಡಿದರೆ ಫೋಟಾನುಗಳು ಹದಿನಾರು ಪಟ್ಟು, ಗ್ರೇನ್ಸ್ ನಾಲ್ಕರಲ್ಲಿ ಒಂದು ಪಾಲು. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ನೈಟ್ ಸೈಟ್ ತಂದ ಮೇಲೆ ಇದು ಮನೆಮಾತಾಯಿತು. ಸೆನ್ಸರಿನ ಅಗಲದಲ್ಲಿ ಇಲ್ಲದ್ದನ್ನು ಕಾಲದಲ್ಲಿ ತುಂಬಿಕೊಳ್ಳುವ ಉಪಾಯ.

ಕಲ್ಲಿನ ಕಮಲ ಕಾಯುತ್ತದೆ. ಎಂಟು ಶತಮಾನಕ್ಕೂ ಮೇಲ್ಪಟ್ಟು ಕಾದಿದೆ, ಇನ್ನು ಮೂರು ಸೆಕೆಂಡು ಏನು ಮಹಾ. ಹೋರಿಯ ಮೇಲೆ ಈ ಉಪಾಯ ನಡೆಯುವುದಿಲ್ಲ. ಹದಿನಾರು ಫೋಟೋದಲ್ಲಿ ಹದಿನಾರು ಕಡೆ ಇರುವ ಹೋರಿಯನ್ನು ಕೂಡಿಸಲು ಹೋದರೆ ಎರಡು ಬಾಲ, ಆರು ಕಾಲು. ಜಾಣ ಸಾಫ್ಟ್‌ವೇರ್ ಆದರೆ ಉಳಿದ ಹದಿನೈದನ್ನು ಬಿಟ್ಟು ಒಂದನ್ನೇ ಇಟ್ಟುಕೊಂಡು, ಗ್ರೇನ್ಸಿನ ಮೇಲೆ ಬಣ್ಣ ತೀಡಿ, ಕೂದಲಿಲ್ಲದ ಮೇಣದ ಹೋರಿಯನ್ನು ಕೈಗಿಡುತ್ತದೆ. ಸೆನ್ಸರುಗಳ ಭವಿಷ್ಯದ ಗೆರೆ ಇಲ್ಲೇ ಬಿದ್ದಿದೆ ಎನ್ನುವುದು ನನ್ನ ತಿಳಿವಳಿಕೆ. ನಿಂತದ್ದೆಲ್ಲ ಫೋನಿನ ಪಾಲು. ಓಡುವುದು, ಹಾರುವುದು, ದೂರದ್ದು, ಅದರಲ್ಲೂ ಬೆಳಕು ಕಡಿಮೆಯಿರುವಾಗ, ದೊಡ್ಡ ಗಾಜಿನ ಪಾಲು.

ಮಾರುಕಟ್ಟೆ ಈ ಗೆರೆಯನ್ನು ಆಗಲೇ ಎಳೆದು ತೋರಿಸಿದೆ. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಲೆಕ್ಕಕ್ಕೆ ಸಿಕ್ಕ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷದೊಳಗೆ. ಬಹುಪಾಲು ಹೋದದ್ದು ಕಿಸೆಯಲ್ಲಿಡುವ ಪುಟ್ಟ ಕ್ಯಾಮೆರಾಗಳು. ಅವುಗಳ ಸೆನ್ಸರ್ 6ಕ್ಕೆ 4.5 ಮಿಲಿಮೀಟರ್, ಇಂದಿನ ಒಳ್ಳೆಯ ಫೋನಿನದಕ್ಕಿಂತ ಚಿಕ್ಕದು. ಪ್ರವಾಸಕ್ಕೆ, ಸ್ಕೂಲ್ ಡೇಗೆ, ತೊಟ್ಟಿಲು ಕಾರ್ಯಕ್ಕೆ ಮನೆಮನೆಯಲ್ಲಿದ್ದ ಆ ಬೆಳ್ಳಿಬಣ್ಣದ ಡಬ್ಬಿ ಈಗ ಬೀರುವಿನಲ್ಲಿ ಬ್ಯಾಟರಿ ಉಬ್ಬಿ ಕೂತಿದೆ. ಒಂದಿಂಚಿನ ಸೆನ್ಸರಿಗೆ ಲೆನ್ಸು ಬದಲಿಸುವ ಸೌಲಭ್ಯ ಕೊಟ್ಟು 2011ರಲ್ಲಿ ಶುರುವಾದ ನಿಕಾನ್ 1 ಸರಣಿ 2018ಕ್ಕೆ ಮುಗಿಯಿತು. ಮೈಕ್ರೋ ಫೋರ್ ಥರ್ಡ್ಸ್‌ನ ತವರುಮನೆಗಳಲ್ಲಿ ಒಂದಾದ ಒಲಿಂಪಸ್ ಕಂಪನಿ 2021ರ ಆರಂಭದಲ್ಲಿ ಕ್ಯಾಮೆರಾ ವ್ಯವಹಾರವನ್ನೇ ಬೇರೆಯವರಿಗೆ ಒಪ್ಪಿಸಿ ಕೈತೊಳೆದುಕೊಂಡಿತು.

ಫೋನಿನ ಸೆನ್ಸರ್ ಮುಂದೆ ಬೆಳೆಯುತ್ತಲೇ ಹೋಗುತ್ತದೆಯೇ? ಹೋಗಲಾರದು. 2022ರಲ್ಲಿ ಶಿಯೋಮಿ 12ಎಸ್ ಅಲ್ಟ್ರಾ ಒಂದಿಂಚಿನ ಸೆನ್ಸರ್ ಹೊತ್ತು ಬಂತು, ಬೆನ್ನ ಮೇಲೆ ತಟ್ಟೆಯಷ್ಟು ದೊಡ್ಡ ಉಬ್ಬಿನೊಂದಿಗೆ. ಸಾಮಾನ್ಯ ನೋಟಕ್ಕೆ ಒಂದಿಂಚಿನ ಸೆನ್ಸರಿಗೆ ಬೇಕಾದ ಲೆನ್ಸಿನ ನಾಭಿದೂರ ಸುಮಾರು 9 ಮಿಲಿಮೀಟರ್. ಫೋನಿನ ದಪ್ಪವೇ 8 ಮಿಲಿಮೀಟರ್! ಇದೇ ನೋಟಕ್ಕೆ ಫುಲ್ ಫ್ರೇಮಿಗೆ 24 ಮಿಲಿಮೀಟರ್ ಬೇಕು. ಅಂಥ ಫೋನು ಅಂಗಿ ಕಿಸೆಯಲ್ಲಿ ಕೂರುವುದಿಲ್ಲ. ಟೆಲಿಗೆ ಬೆಳಕನ್ನು ಅಡ್ಡ ತಿರುಗಿಸುವ ಪೆರಿಸ್ಕೋಪ್ ಜಾಣ್ಮೆ ಬಂದಿದೆ, ಆದರೆ ಅಲ್ಲೂ ಬಾಗಿಲಿನ ಅಗಲಕ್ಕೆ ಫೋನಿನ ದಪ್ಪವೇ ಲಗಾಮು.

ಮೈಕ್ರೋ ಫೋರ್ ಥರ್ಡ್ಸ್‌ಗೆ ಎಷ್ಟು ಸಲ ಶ್ರಾದ್ಧ ಮಾಡಿದರೂ ಅದು ಎದ್ದು ಬರುತ್ತಿದೆ. ಅದರ ಜೀವ ಇರುವುದು ತೂಕದಲ್ಲಿ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೋ ಬಂಕಾಪುರ ಕೋಟೆಯ ನವಿಲುಧಾಮಕ್ಕೋ ಹೋಗಿ ಬಿಸಿಲಲ್ಲಿ ಅರ್ಧ ದಿನ ಸುತ್ತುವವನಿಗೆ 300 ಮಿಲಿಮೀಟರ್ ಲೆನ್ಸು ಈ ಸೆನ್ಸರಿನಲ್ಲಿ 600ರ ನೋಟ ಕೊಡುತ್ತದೆ, ಕ್ರಾಪಿನಲ್ಲಿ 450ರದು. ಹಗಲು ಬೆಳಕಿನಲ್ಲಿ ಕೃಷ್ಣಮೃಗದ ಕೊಂಬಿನ ಸುರುಳಿಗೆ ಬೇಕಾದಷ್ಟು ಫೋಟಾನುಗಳಿವೆ, ಹೆಗಲು ಮಾತ್ರ ಒಂದೇ. ಇದೇ ಅಳತೆ ಈಗ ಆಕಾಶಕ್ಕೂ ಏರಿದೆ: 2021ರಲ್ಲಿ ಬಂದ ಡಿಜೆಐ ಮ್ಯಾವಿಕ್ 3 ಡ್ರೋನಿನಲ್ಲಿರುವುದು ಫೋರ್ ಥರ್ಡ್ಸ್ ಸೆನ್ಸರೇ.

ಎಪಿಎಸ್-ಸಿ ಬಗ್ಗೆ ನನಗೆ ಆತಂಕವಿಲ್ಲ. ಫ್ಯೂಜಿಫಿಲ್ಮ್ ಕಂಪನಿ ಫುಲ್ ಫ್ರೇಮಿನ ಗೊಡವೆಗೇ ಹೋಗದೆ, ಒಂದು ಕಡೆ ಎಪಿಎಸ್-ಸಿ, ಇನ್ನೊಂದು ಕಡೆ 44ಕ್ಕೆ 33ರ ಮೀಡಿಯಂ ಫಾರ್ಮ್ಯಾಟ್ ಇಟ್ಟುಕೊಂಡು ಬದುಕುತ್ತಿದೆ. 2024ರಲ್ಲಿ ಅದು ಬಿಟ್ಟ ಎಕ್ಸ್100-6 ಎಂಬ, ಲೆನ್ಸು ಬದಲಿಸಲಾಗದ ಎಪಿಎಸ್-ಸಿ ಕ್ಯಾಮೆರಾಕ್ಕೆ ತಿಂಗಳುಗಟ್ಟಲೆ ಸರದಿ ಕಾಯಬೇಕಾಯಿತು. ಮೀಡಿಯಂ ಫಾರ್ಮ್ಯಾಟ್ ಜಾಹೀರಾತು, ಒಡವೆ, ಬಟ್ಟೆಯ ಫೋಟೋದವರ ಪಾಲಿಗೆ ಉಳಿಯುತ್ತದೆ. ನಮ್ಮ ಅಖಾಡಕ್ಕೆ ಅದು ನಿಧಾನಿ.

ಇಷ್ಟು ಹೊತ್ತು ಅಗಲದ ಮಾತಾಡಿದೆವು. ಮುಂದಿನ ಹತ್ತು ವರ್ಷದಲ್ಲಿ ಅಗಲಕ್ಕಿಂತ ಹೆಚ್ಚು ಸುದ್ದಿ ಮಾಡುವುದು ಸೆನ್ಸರ್ ಓದುವ ವೇಗ. ಸಾಮಾನ್ಯ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಒಂದೊಂದಾಗಿ ಓದುತ್ತಾ ಬರುತ್ತದೆ. ಪೂರ್ತಿ ಓದಲು ಸೆಕೆಂಡಿನ 30ರಲ್ಲಿ ಒಂದು ಭಾಗ ಹಿಡಿಯಿತೆಂದರೆ, ಕೋಡು ಓದಿದ ಹೊತ್ತಿಗೂ ಗೊರಸು ಓದಿದ ಹೊತ್ತಿಗೂ ನಡುವೆ ಹೋರಿ 28 ಸೆಂಟಿಮೀಟರ್ ಓಡಿರುತ್ತದೆ. ಅಡ್ಡ ಹಾಯುವ ಹೋರಿ ಫೋಟೋದಲ್ಲಿ ವಾಲಿಕೊಂಡು, ಹೋರಿಯ ಜೊತೆ ಕ್ಯಾಮೆರಾ ತಿರುಗಿಸಿದಾಗ ಕಂಬ ಓರೆಯಾಗಿ ಕಾಣುವುದು ಇದರಿಂದ. ಯಾಂತ್ರಿಕ ಶಟರ್ ಬಳಸದೆ ತೆಗೆದರೆ, ವೇಗವನ್ನು ಸಾವಿರಕ್ಕಿಟ್ಟರೂ ಇದು ತಪ್ಪದು. ರಾತ್ರಿ ಜಾತ್ರೆಯ ಎಲ್‌ಇಡಿ ದೀಪದಡಿ ಫೋಟೋದಲ್ಲಿ ಪಟ್ಟೆ ಪಟ್ಟೆ ಬೀಳುವುದಕ್ಕೂ ಇದೇ ಮೂಲ.

ಇದಕ್ಕೆ ಮದ್ದು ಬಂದಿದೆ. ಬೆಳಕು ಹಿಡಿಯುವ ಪದರದ ಕೆಳಗೇ ಓದುವ ಮಂಡಲ, ನೆನಪಿನ ಚಿಪ್ಪುಗಳನ್ನು ಅಂಟಿಸಿದ ಅಂತಸ್ತಿನ ಸೆನ್ಸರುಗಳು ಫುಲ್ ಫ್ರೇಮಿನಲ್ಲಿ 2017ರ ಸೋನಿ ಎ9 ಕ್ಯಾಮೆರಾದಿಂದ ಶುರುವಾದವು. 2021ರ ನಿಕಾನ್ ಝಡ್9 ಯಾಂತ್ರಿಕ ಶಟರನ್ನೇ ಕಿತ್ತೆಸೆಯಿತು. 2023ರ ನವೆಂಬರಿನಲ್ಲಿ ಪ್ರಕಟವಾದ ಸೋನಿ ಎ9-3 ಎಲ್ಲ ಪಿಕ್ಸೆಲುಗಳನ್ನೂ ಒಂದೇ ಕ್ಷಣಕ್ಕೆ ತೆರೆದು ಮುಚ್ಚುವ ಗ್ಲೋಬಲ್ ಶಟರ್ ತಂದಿತು. ಹೋರಿ ವಾಲುವುದಿಲ್ಲ. ಆದರೆ ಪ್ರತಿ ಪಿಕ್ಸೆಲಿನೊಳಗೂ ಹೆಚ್ಚಿನ ಸಂಗ್ರಹಕ್ಕೆ ಜಾಗ ಬಿಡಬೇಕಾದ್ದರಿಂದ ಬೆಳಕು ತುಂಬುವ ಪಾತ್ರ ಕಿರಿದಾಯಿತು; ಅದರ ಮೂಲ ಐಎಸ್ಒ 100ರ ಬದಲು 250. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವುದು ಸೆನ್ಸರ್ ಲೋಕದ ಹಳೆಯ ಚಾಳಿ. ನನ್ನ ಎಣಿಕೆಯಂತೆ ಈ ವೇಗ ಕ್ರಾಪ್ ಸೆನ್ಸರುಗಳಿಗೆ ಅಗ್ಗದಲ್ಲಿ ಇಳಿದ ದಿನ ಹೋರಿ ಫೋಟೋಗ್ರಾಫರರಿಗೆ ಫುಲ್ ಫ್ರೇಮ್ ಬೇಕೇಬೇಕು ಎನ್ನಲು ಉಳಿಯುವ ಕಾರಣಗಳು ಬಲು ಕಡಿಮೆ.

ಯಾಂತ್ರಿಕ ಶಟರ್ ಹೋಗುವುದರಲ್ಲಿ ಒಂದು ತಾಪತ್ರಯವೂ ಇದೆ, ಅದನ್ನು ಹೇಳಿಬಿಡುತ್ತೇನೆ. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಬಾಡಿಯ ಲೆನ್ಸು ಬಿಚ್ಚಿದಾಗ ಮುಚ್ಚಿಕೊಳ್ಳಲು ಶಟರೂ ಇಲ್ಲದಿದ್ದರೆ ಅನೇಕ ಮಾದರಿಗಳಲ್ಲಿ ಸೆನ್ಸರ್ ನೇರ ಬಯಲಿಗೆ. ಅಖಾಡದ ಕೆಮ್ಮಣ್ಣಿನ ಧೂಳಿನಲ್ಲಿ ಲೆನ್ಸು ಬದಲಿಸಿದವನು ಆಮೇಲೆ ಪ್ರತಿ ಫೋಟೋದ ಆಕಾಶದಲ್ಲೂ ಕಪ್ಪು ಚುಕ್ಕೆ ಅಳಿಸುತ್ತಾ ಕೂರಬೇಕು. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಕೊಟ್ಟು, ಬಾಡಿಯ ಬಾಯಿ ಕೆಳಮುಖ ಮಾಡಿ.

ಪ್ರಯೋಗಶಾಲೆಗಳಲ್ಲಿ ಇನ್ನೂ ಮುಂದಿನ ಕೆಲಸ ನಡೆದಿದೆ. ಇಂದು ಫೋನುಗಳಲ್ಲಿರುವ ಸಿಮಾಸ್ ಸೆನ್ಸರಿಗೆ 1990ರ ದಶಕದಲ್ಲಿ ನಾಸಾದ ಜೆಪಿಎಲ್‌ನಲ್ಲಿ ರೂಪ ಕೊಟ್ಟ ಎರಿಕ್ ಫಾಸಮ್, ಆಮೇಲೆ ಒಂದೊಂದೇ ಫೋಟಾನನ್ನು ಎಣಿಸುವ ಸೆನ್ಸರಿನ ಬೆನ್ನು ಹತ್ತಿದರು. ಕ್ಯಾನನ್ ಕಂಪನಿ ಬೇರೆ ದಾರಿಯಲ್ಲಿ ಹೋಗಿ, ಒಂಟಿ ಫೋಟಾನಿಗೂ ಮಿಡಿಯುವ 32 ಲಕ್ಷ ಪಿಕ್ಸೆಲಿನ ಸೆನ್ಸರನ್ನು 2021ರಲ್ಲಿ ಪ್ರಕಟಿಸಿತು. ಇಂಥವು ಸೆನ್ಸರಿನ ಒಳಗದ್ದಲವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸುತ್ತವೆ. ಆದರೂ ಬಂದ ಐದು ಫೋಟಾನನ್ನು ಐದೆಂದು ತಪ್ಪಿಲ್ಲದೆ ಎಣಿಸುವುದರಿಂದ ಅವು ಆರಾಗುವುದಿಲ್ಲ. ವರ್ಗಮೂಲದ ಏರಿಳಿತ ಹಾಗೇ ಉಳಿಯುತ್ತದೆ.

ಅಳತೆಗಳ ಈ ಜಗಳ ಅಂಗಡಿಯದ್ದೇ ಹೊರತು ವಿಜ್ಞಾನಿಗಳದ್ದಲ್ಲ ಎನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 2023ರ ಆಗಸ್ಟ್ 30ರಂದು ಚಂದ್ರನ ಮೇಲೆ ಪ್ರಜ್ಞಾನ್ ರೋವರ್ ವಿಕ್ರಮ್ ಲ್ಯಾಂಡರಿನ ಫೋಟೋ ತೆಗೆಯಿತಲ್ಲ, ಆ ನ್ಯಾವ್‌ಕ್ಯಾಮ್ ಮಾಡಿದ್ದು ಇಸ್ರೋದ ಬೆಂಗಳೂರಿನ ಲಿಯೋಸ್ ಪ್ರಯೋಗಾಲಯ. ಸೂರ್ಯನನ್ನು ನೋಡುವ ಆದಿತ್ಯ-ಎಲ್1ರ ಮುಖ್ಯ ಉಪಕರಣ ವಿಇಎಲ್‌ಸಿಯನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಕಟ್ಟಿತು. ಕಾಣುವ ಬೆಳಕಿಗೆ ಒಂದು ಬಗೆಯ ಸೆನ್ಸರ್, ಅವಗೆಂಪಿಗೆ ಬೇರೆ ಬಗೆಯದು. ಅಲ್ಲಿ ಮೊದಲು ಕೆಲಸ, ಆಮೇಲೆ ಅಳತೆ. ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯಕ್ಕೆ 64 ಸೆಂಟಿಮೀಟರ್ ಅಗಲದ ಸೆನ್ಸರ್ ಬೇಕಾಯಿತು. ಅಷ್ಟಗಲದ ಸಿಲಿಕಾನ್ ಬಿಲ್ಲೆಯೇ ಇಲ್ಲ. 189 ಸೆನ್ಸರುಗಳನ್ನು ಹಾಸುಗಲ್ಲಿನಂತೆ ಜೋಡಿಸಿ 3,200 ಮೆಗಾಪಿಕ್ಸೆಲಿನ ಕ್ಯಾಮೆರಾ ಮಾಡಿದರು. 2025ರ ಜೂನಿನಲ್ಲಿ ಅದರ ಮೊದಲ ಚಿತ್ರಗಳು ಬಂದವು.

ಕಡೆಗೆ, ಕ್ಯಾಮೆರಾ ಕೊಳ್ಳಲು ಹೊರಟಿರುವ ಓದುಗರಿಗೊಂದು ಲೆಕ್ಕ. ನಮ್ಮ ಕಡೆಯ ಮದುವೆ ಆಲ್ಬಮ್ಮಿನ ಬಿಚ್ಚಿದ ಹಾಳೆ ಸಾಮಾನ್ಯವಾಗಿ 12ಕ್ಕೆ 36 ಇಂಚು, ಅದರ ಒಂದು ಪುಟ 12ಕ್ಕೆ 18. ಇಂಚಿಗೆ 300 ಚುಕ್ಕೆಯಂತೆ ಒಂದು ಪುಟ ತುಂಬ ಅಚ್ಚು ಹಾಕಲು 19.4 ಮೆಗಾಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲಿನ ಕ್ರಾಪ್ ಬಾಡಿಗಳು ಇದನ್ನು ಹತ್ತು ವರ್ಷದಿಂದಲೂ ಕೊಡುತ್ತಿವೆ, ಸೆಕೆಂಡ್‌ಹ್ಯಾಂಡಿನಲ್ಲಿ ಈಗ ಅಗ್ಗವಾಗಿಯೂ ಸಿಗುತ್ತವೆ. ನಿಮ್ಮ ಫೋಟೋಗಳು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಮಾತ್ರವಾದರೆ ಕ್ಯಾಮೆರಾ ಕೊಳ್ಳಲೇಬೇಡಿ, ಕೈಯಲ್ಲಿರುವ ಫೋನು ಸಾಕು. ಹೋರಿ, ಹಕ್ಕಿ, ಕಬಡ್ಡಿ ನಿಮ್ಮ ವಿಷಯವಾದರೆ ಕ್ರಾಪ್ ಬಾಡಿ ಕೊಂಡು, ಫುಲ್ ಫ್ರೇಮಿಗೆಂದು ಎತ್ತಿಟ್ಟದ್ದರಲ್ಲಿ ಉಳಿದ ದುಡ್ಡನ್ನು ಎಫ್ 2.8ರ ಟೆಲಿ ಲೆನ್ಸಿಗೆ ಹಾಕಿ. ಬಾಡಿಯ ಬೆಲೆ ಬೇಗ ಇಳಿಯುತ್ತದೆ, ಒಳ್ಳೆಯ ಲೆನ್ಸಿನ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ.